ಒಬ್ಬಳೇ ನಟಿ, ಎರಡು ಅಡುಗೆಮನೆ

ಎತೆಲ್ ವಾಟರ್ಸ್ ಬಗ್ಗೆ ಬರೆಯುತ್ತೇವೆ ಅಂದಾಗ ಗೆಳೆಯರೊಬ್ಬರು ಮುಖ ಸಿಂಡರಿಸಿದರು. 'ಬಿಳಿಯರ ಮನೆಗೆಲಸದವಳ ಪಾತ್ರ ಮಾಡಿಕೊಂಡು ಬಂದವಳು, ಕೊನೆಗಾಲದಲ್ಲಿ ದೇವರ ಹಾಡು ಹಾಡಿಕೊಂಡು ಇದ್ದವಳು. ಅವಳಿಂದ ನಮಗೇನಾಗಬೇಕು?' ಅಂದರು. ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ನಮ್ಮೊಳಗೂ ಅದೇ ಅನುಮಾನ ಇತ್ತು. ಆದರೆ ಆಕೆಯ ಬದುಕನ್ನು ಓದುತ್ತಾ ಹೋದ ಹಾಗೆ ಆ ಪ್ರಶ್ನೆ ನಮ್ಮ ಕಡೆಗೇ ತಿರುಗಿ ನಿಂತಿತು.

ಆಕೆ ಹುಟ್ಟಿದ್ದು 1896ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಚೆಸ್ಟರ್ ಎಂಬ ಊರಿನಲ್ಲಿ. ತಾಯಿ ಇನ್ನೂ ಎಳೆ ಹುಡುಗಿ. ಅತ್ಯಾಚಾರಕ್ಕೆ ಸಿಕ್ಕಿ ಬಸುರಾದವಳು. ಮಗುವನ್ನು ಸಾಕಿದ್ದು ಅಜ್ಜಿ. ಆ ಅಜ್ಜಿಯ ಜೀವ ಸವೆದದ್ದು ಬಿಳಿಯರ ಮನೆ ಚಾಕರಿಯಲ್ಲಿ. ಹದಿಮೂರಕ್ಕೆ ಮದುವೆ, ಅದೂ ನಿಲ್ಲಲಿಲ್ಲ. ಆಮೇಲೆ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಕೆಲಸ, ವಾರಕ್ಕೆ ಐದು ಡಾಲರಿಗೂ ಕಮ್ಮಿ ಕೂಲಿ. ಅಂದರೆ ಕೆಲಸದವಳ ಬಟ್ಟೆಯನ್ನು ಆಕೆ ಮೊದಲು ತೊಟ್ಟದ್ದು ಹೊಟ್ಟೆಪಾಡಿಗೆ. ರಂಗದ ಮೇಲೆ ತೊಟ್ಟದ್ದು ಆಮೇಲೆ. ಇದನ್ನು ಮರೆತು ಆಕೆಯ ನಟನೆಯನ್ನು ಅಳೆಯಲು ಹೋದರೆ ನಾವು ಜಾರಿ ಬೀಳುತ್ತೇವೆ.

ಹಾಡುಗಾರ್ತಿಯಾಗಿ ಹೆಸರು ಮಾಡಿದ ಎತೆಲ್ 1933ರಲ್ಲಿ ಬ್ರಾಡ್‌ವೇಯ 'ಆ್ಯಸ್ ಥೌಸಂಡ್ಸ್ ಚಿಯರ್' ಪ್ರದರ್ಶನಕ್ಕೆ ಬಂದಳು. ಅದು ಹಾಡು ಕುಣಿತದ, ನಗೆಯ ಆಟ. ಅದರ ನಡುವೆ ಇರ್ವಿಂಗ್ ಬರ್ಲಿನ್ ಬರೆದ ಒಂದು ಹಾಡು. ಊಟದ ಹೊತ್ತಾಗಿದೆ, ಮಕ್ಕಳು ಕಾದಿವೆ, ಗಂಡ ಇನ್ನು ಬರುವುದಿಲ್ಲ. ಅವನನ್ನು ಬಿಳಿಯರ ಗುಂಪು ಕೊಂದಿದೆ. ನಗಲಿಕ್ಕೆ ದುಡ್ಡು ಕೊಟ್ಟು ಬಂದ ಜನರ ಎದುರು ಆಕೆ ಇದನ್ನು ಹಾಡಿದಳು. ಅದೇ ಆಟದ ಬಿಳಿಯ ತಾರೆಯರು ಕೊನೆಗೆ ಆಕೆಯ ಪಕ್ಕ ನಿಂತು ಪ್ರೇಕ್ಷಕರಿಗೆ ಬಾಗಲು ಒಪ್ಪಲಿಲ್ಲವಂತೆ. ಹಾಗಾದರೆ ಯಾರೂ ಬಾಗುವುದು ಬೇಡ ಅಂತ ಬರ್ಲಿನ್ ಹೇಳಿದನಂತೆ. ಪಂಕ್ತಿಭೇದ ಅಂದರೆ ಏನು ಅಂತ ಈ ಪತ್ರಿಕೆಯ ಓದುಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

1939ರಲ್ಲಿ 'ಮಾಂಬಾಸ್ ಡಾಟರ್ಸ್' ನಾಟಕದಲ್ಲಿ ಹೇಗರ್ ಎಂಬ ತಾಯಿಯ ಪಾತ್ರ. ಜನ ಮತ್ತೆ ಮತ್ತೆ ತೆರೆ ಎತ್ತಿಸಿದರು. ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕ ಬ್ರೂಕ್ಸ್ ಅಟ್ಕಿನ್ಸನ್ ಮಾತ್ರ ಮೆಚ್ಚಲಿಲ್ಲ. ಆಕೆಯ ಅಭಿಮಾನಿ ಕಲಾವಿದರು ಅದೇ ಪತ್ರಿಕೆಯಲ್ಲಿ ಕಾಸು ಕೊಟ್ಟು ಮೆಚ್ಚುಗೆಯ ಜಾಹೀರಾತು ಹಾಕಿಸಿದರು. ಅಟ್ಕಿನ್ಸನ್ ಇನ್ನೊಮ್ಮೆ ನೋಡಿ ತನ್ನ ಮಾತು ತಿದ್ದಿಕೊಂಡ. ಅದೇ ವರ್ಷದ ಜೂನ್ 14ರಂದು ಎನ್‌ಬಿಸಿ ತನ್ನ ಪ್ರಾಯೋಗಿಕ ಟೆಲಿವಿಷನ್ನಿನಲ್ಲಿ ಆಕೆಯ ಹೆಸರಿನದೇ ಒಂದು ಕಾರ್ಯಕ್ರಮ ಬಿತ್ತರಿಸಿತು.

ಇನ್ನು 1950. ನಮ್ಮ ಮಾತಿನ ತಿರುಳು ಇಲ್ಲಿದೆ. ಜನವರಿಯಲ್ಲಿ ಕಾರ್ಸನ್ ಮೆಕಲರ್ಸ್ ಬರೆದ 'ದ ಮೆಂಬರ್ ಆಫ್ ದ ವೆಡ್ಡಿಂಗ್' ನಾಟಕದಲ್ಲಿ ಆಕೆ ಬೆರೆನೀಸ್ ಆದಳು. ಅಕ್ಟೋಬರಿನಲ್ಲಿ ಎಬಿಸಿ ಟೆಲಿವಿಷನ್ನಿನಲ್ಲಿ ಬ್ಯೂಲಾ ಆದಳು. ಇಬ್ಬರೂ ಬಿಳಿಯರ ಮನೆಯ ಅಡುಗೆಯವರೇ. ಒಂದೇ ವರ್ಷ, ಒಂದೇ ಮೈ, ಒಂದೇ ದನಿ.

ಬ್ಯೂಲಾಳ ಕೆಲಸವೇನು? ಹೆಂಡರ್ಸನ್ ಎಂಬ ಬಿಳಿ ಕುಟುಂಬದ ಸಣ್ಣಪುಟ್ಟ ತೊಡಕು ಬಿಡಿಸುವುದು, ನಗುನಗುತ್ತಾ ಇರುವುದು. ಅವಳ ಚಿಂತೆಯೆಲ್ಲ ಧಣಿಗಳ ಚಿಂತೆ. ಬೇರೆ ಏನೂ ಹೇಳಬೇಡಿ, ಇದೊಂದು ಸಾಕು: 1945ರಲ್ಲಿ ರೇಡಿಯೋದಲ್ಲಿ ಬ್ಯೂಲಾಳಿಗೆ ತನ್ನದೇ ಕಾರ್ಯಕ್ರಮ ಸಿಕ್ಕಾಗ ಅವಳ ದನಿಯಾಗಿದ್ದವನು ಮಾರ್ಲಿನ್ ಹರ್ಟ್ ಎಂಬ ಬಿಳಿಯ ಗಂಡಸು! ಬಿಳಿ ಗಂಡಸಿನ ಗಂಟಲಿನಲ್ಲಿ ಹುಟ್ಟಿದ ಕಪ್ಪು ಹೆಂಗಸು ಅವಳು.

ಬೆರೆನೀಸ್ ಹಾಗಲ್ಲ. ಅವಳಿಗೆ ಸತ್ತುಹೋದ ಮೊದಲ ಗಂಡನ ನೆನಪಿದೆ. ಆಮೇಲೆ ಬಂದ ಗಂಡಂದಿರಲ್ಲಿ ಅವನನ್ನೇ ಹುಡುಕಿ ಸೋತ ಕತೆಯಿದೆ. ಕಳೆದುಹೋದ ಒಂದು ಕಣ್ಣಿದೆ. ಜೈಲಿನಲ್ಲಿ ಜೀವ ಬಿಡುವ ಸಾಕುತಮ್ಮನಿದ್ದಾನೆ. ಕೊನೆಗೆ ಖಾಲಿಯಾದ ಅಡುಗೆಮನೆಯಲ್ಲಿ ಅವಳೊಬ್ಬಳೇ ಕೂತಿರುತ್ತಾಳೆ. ಸೌಟು ಹಿಡಿದ ಕೈಯೇನೋ ಅದೇ, ಆದರೆ ಇಲ್ಲಿ ಆ ಕೈಗೆ ಒಂದು ಚರಿತ್ರೆ ಇದೆ. ಅದರಲ್ಲಿ ಎತೆಲ್‌ಳ ಪಾಲೂ ಇದೆ. ಮೊದಲು ಈ ನಾಟಕ ಒಲ್ಲೆ ಅಂದಿದ್ದಳು. ನಾಟಕದಲ್ಲಿದ್ದ ಜೋಗುಳವನ್ನು ತೆಗೆಸಿ ತನ್ನ ಜನರ ಇಗರ್ಜಿಗಳಲ್ಲಿ ಹಾಡುವ ಹಾಡನ್ನು ಇಡಿಸಿದಳು. ನಾಟಕ 501 ಪ್ರದರ್ಶನ ಕಂಡಿತು.

ಹಾಗಂತ ಬೆರೆನೀಸ್‌ಳನ್ನೂ ನಾವು ತಲೆಮೇಲೆ ಹೊತ್ತು ಮೆರೆಸುವುದಿಲ್ಲ. ನಾಟಕದ ನಟ್ಟನಡುವೆ ಇರುವುದು ಒಬ್ಬ ಬಿಳಿ ಹುಡುಗಿಯ ಒಂಟಿತನ. ಬೆರೆನೀಸ್‌ಳ ದುಃಖ ಅದರ ಪಕ್ಕಕ್ಕೆ ಸರಿದು ಕೂರಬೇಕು. 1949ರ 'ಪಿಂಕಿ' ಸಿನಿಮಾದಲ್ಲೂ ಹೀಗೇ. ಬಟ್ಟೆ ಒಗೆಯುವ ಅಜ್ಜಿಯಾಗಿ ಎತೆಲ್ ಆಸ್ಕರ್ ನಾಮಕರಣದ ತನಕ ಹೋದಳು. ಆದರೆ ಅವಳ ಮೊಮ್ಮಗಳ ಪಾತ್ರವನ್ನು ಕೊಟ್ಟದ್ದು ಬಿಳಿ ನಟಿ ಜೀನ್ ಕ್ರೇನ್‌ಗೆ.

1951ರಲ್ಲಿ ಕಪ್ಪುಜನರ ಸಂಘಟನೆ ಎನ್‌ಎಎಸಿಪಿ 'ಬ್ಯೂಲಾ'ದಂಥ ಕಾರ್ಯಕ್ರಮಗಳನ್ನು ಖಂಡಿಸಿತು. ಅದೇ ವರ್ಷ ಎತೆಲ್ ಅದನ್ನು ಬಿಟ್ಟಳು. ಖಂಡನೆ ಸರಿಯೇ ಇತ್ತು. ಆದರೆ ಆ ಪಾತ್ರ ಬಿಟ್ಟರೆ ಬೇರೆ ಪಾತ್ರ ಬರೆದಿಟ್ಟವರು ಯಾರಿದ್ದರು? ಐವತ್ತರ ದಶಕದಲ್ಲಿ ತೆರಿಗೆ ಬಾಕಿ ಆಕೆಯನ್ನು ಹಿಂಡಿತು. 1957ರಿಂದ ಬಿಲ್ಲಿ ಗ್ರಹಾಂ ಎಂಬ ಧರ್ಮಪ್ರಚಾರಕನ ಸಭೆಗಳಲ್ಲಿ ಹಾಡತೊಡಗಿದಳು. 1961ರಲ್ಲಿ 'ರೂಟ್ 66' ಎಂಬ ಟೆಲಿವಿಷನ್ ಮಾಲೆಯಲ್ಲಿ ಸಾಯುತ್ತಿರುವ ಹಾಡುಗಾರ್ತಿಯಾಗಿ ನಟಿಸಿ, ಎಮ್ಮಿ ಪ್ರಶಸ್ತಿಗೆ ನಾಮಕರಣಗೊಂಡ ಮೊದಲ ಕಪ್ಪು ನಟಿಯಾದಳು. ಆಗ ವಯಸ್ಸು ಅರವತ್ತು ದಾಟಿತ್ತು. 1977ರಲ್ಲಿ ತೀರಿಕೊಂಡಳು.

1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ ತನ್ನ ಹೆಸರನ್ನು ಪಡೆದದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ನಿಂದ. ಅವರ ಸಿಟ್ಟನ್ನು ನಾವು ಕಲಿತೆವು. ಅವರ ಅಡುಗೆಮನೆಯ ಹೆಂಗಸರ ಕತೆಯನ್ನು ಕಲಿಯಲಿಲ್ಲ. ಫರಕು ಉಂಟು, ಒಪ್ಪುತ್ತೇವೆ. ಅಲ್ಲಿ ಕಪ್ಪು ಹೆಂಗಸಿನ ಕೈಯಡುಗೆ ಬೇಕಿತ್ತು, ಜೊತೆಯಲ್ಲಿ ಕೂರುವುದು ಬೇಡವಾಗಿತ್ತು. ಇಲ್ಲಿ ನಮ್ಮವ್ವ ಹಿತ್ತಲು ದಾಟಿ ಒಳಗೆ ಕಾಲಿಡುವ ಹಾಗೇ ಇರಲಿಲ್ಲ.

ಈಗ ಗೆಳೆಯರ ಪ್ರಶ್ನೆಗೆ ಬರೋಣ. ಎತೆಲ್ ಯಾಕೆ ಕೆಲಸದವಳಾದಳು ಅಂತ ಕೇಳುವ ಮೊದಲು, ನಾವು ಆಡುವ ಬೀದಿನಾಟಕಗಳನ್ನು ತೆಗೆದು ನೋಡೋಣ. ಅದರಲ್ಲಿ ಅವ್ವ ಬರುತ್ತಾಳೆ, ಎದೆ ಬಡಿದುಕೊಂಡು ಅಳುತ್ತಾಳೆ, ಹೋಗುತ್ತಾಳೆ. ಆಮೇಲೆ ಭಾಷಣವೆಲ್ಲ ಓದಿದ ಮಗನದು. ಅವ್ವನಿಗೆ ನಾವು ಎಷ್ಟು ಮಾತು ಬರೆದಿದ್ದೇವೆ? ಅವಳಿಗೊಂದು ನೆನಪು, ಒಂದು ಆಸೆ, ಒಂದು ಜಗಳ ಕೊಟ್ಟಿದ್ದೇವಾ? ಕೊಡದಿದ್ದರೆ, ಬ್ಯೂಲಾಳನ್ನು ಬರೆದವರಿಗೂ ನಮಗೂ ಏನು ಅಂತರ ಉಳಿಯಿತು, ಹೇಳಿ.