ಕಣ್ಣಿಗೆ ಕಾಣದ ಮೈದಾನ

ಕಳೆದ ಈದ್‌ಗೆ ಮನೆಗೆ ಬಂದಿದ್ದ ಅಕ್ಕನ ಮಗ ನನ್ನ ಹಳೆಯ ಲ್ಯಾಪ್‌ಟಾಪಿನ ಮುಂದೆ ಹತ್ತು ನಿಮಿಷ ಕೂತ. ಆಮೇಲೆ, "ಮಾಮು, ಇದರಲ್ಲಿ ಆಟ ಎಲ್ಲಿದೆ? ಬರೀ ಹೆಸರು, ಬರೀ ನಂಬರು!" ಎಂದು ನಕ್ಕು ಎದ್ದುಹೋದ. ಅವನು ನೋಡಿದ್ದು ಚಾಂಪಿಯನ್‌ಶಿಪ್ ಮ್ಯಾನೇಜರ್ 01/02 ಎಂಬ ಕಂಪ್ಯೂಟರ್ ಆಟವನ್ನು. 2001ರಲ್ಲಿ, ಅಂದರೆ ಅವನು ಹುಟ್ಟುವ ಮೊದಲು ಬಂದ ಆಟ ಅದು. ಅದೇ ಆಟದ ಈಚಿನ ಸಂತತಿಯನ್ನು ಅವನು ತನ್ನ ಕಂಪ್ಯೂಟರಿನಲ್ಲಿ ಆಡುತ್ತಾನೆ. ಅದರಲ್ಲಿ ಹುಲ್ಲು ಹಸಿರಾಗಿದೆ, ಆಟಗಾರರು ಓಡುತ್ತಾರೆ. ನನ್ನದರಲ್ಲಿ ಯಾರೂ ಓಡುವುದಿಲ್ಲ. ಆದರೂ ನನಗೆ ಹಳೆಯದೇ ಹೆಚ್ಚು ಇಷ್ಟ. ಯಾಕೆ ಎನ್ನುವ ಪ್ರಶ್ನೆಗೆ ಅವನಿಗೆ ಆವತ್ತು ಉತ್ತರ ಕೊಡಲಾಗಲಿಲ್ಲ. ಇಲ್ಲಿ ಪ್ರಯತ್ನಿಸುತ್ತೇನೆ.

ಈ ಆಟದ ಪರಿಚಯವಿಲ್ಲದ ಓದುಗರಿಗೆ ಒಂದೆರಡು ಮಾತು. ಇದರಲ್ಲಿ ನೀವು ಚೆಂಡನ್ನು ಒದೆಯುವುದಿಲ್ಲ. ನೀವು ಒಂದು ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್. ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು, ಯಾರನ್ನು ಆಡಿಸಬೇಕು, ಯಾರನ್ನು ಬೆಂಚಿನಲ್ಲಿ ಕೂರಿಸಬೇಕು ಎಂದು ನಿರ್ಧರಿಸುವುದಷ್ಟೇ ನಿಮ್ಮ ಕೆಲಸ. ಪಂದ್ಯ ಶುರುವಾದ ಮೇಲೆ ನೀವು ಬಹುಮಟ್ಟಿಗೆ ಪ್ರೇಕ್ಷಕರು. ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತ್ಯದ ಪಾಲ್ ಕಾಲಿಯರ್ ಮತ್ತು ಆಲಿವರ್ ಕಾಲಿಯರ್ ಎಂಬ ಅಣ್ಣತಮ್ಮಂದಿರು ಮನೆಯಲ್ಲೇ ಕೂತು ಬರೆದ ಪ್ರೋಗ್ರಾಂ ಇದು. ಮೊದಲ ಆವೃತ್ತಿ 1992ರಲ್ಲಿ ಬಂತು. ಆಮೇಲೆ ಅವರು ಸ್ಪೋರ್ಟ್ಸ್ ಇಂಟರ್‌ಆಕ್ಟಿವ್ ಎಂಬ ಕಂಪನಿ ಕಟ್ಟಿದರು. ಪ್ರಕಾಶಕರಾಗಿದ್ದ ಈಡೋಸ್ ಕಂಪನಿಯ ಜೊತೆಗಿನ ಅವರ ಸಂಬಂಧ 2003ರಲ್ಲಿ ಮುರಿಯಿತು. ಹೆಸರು ಈಡೋಸ್ ಬಳಿ ಉಳಿಯಿತು. ಆಟದ ಒಡಲು ಮತ್ತು ಆಟಗಾರರ ಮಾಹಿತಿಕೋಶ ಸಹೋದರರ ಜೊತೆ ಹೋಯಿತು. 2004ರ ಕೊನೆಗೆ ಅದೇ ಒಡಲಿಗೆ ಫುಟ್‌ಬಾಲ್ ಮ್ಯಾನೇಜರ್ ಎಂಬ ಹೊಸ ಹೆಸರು ಬಂತು. ನನ್ನ ಅಳಿಯ ಆಡುವುದು ಅದನ್ನು.

01/02 ಆವೃತ್ತಿಯಲ್ಲಿ ಪಂದ್ಯ ಹೇಗೆ ನಡೆಯುತ್ತದೆ ನೋಡಿ. ಪರದೆಯ ಮೇಲೆ ಎರಡು ತಂಡಗಳ ಹೆಸರು, ನಿಮಿಷ ತೋರಿಸುವ ಗಡಿಯಾರ, ತಂಡದ ಬಣ್ಣದ ಒಂದು ಪಟ್ಟಿ. ಆ ಪಟ್ಟಿಯ ಮೇಲೆ ಒಂದು ವಾಕ್ಯ ಮೂಡುತ್ತದೆ: ಇಂಥವನು ಚೆಂಡು ಹಿಡಿದು ಮುನ್ನುಗ್ಗಿದ. ಅದು ಅಳಿದು ಇನ್ನೊಂದು ವಾಕ್ಯ: ಗೋಲಿನತ್ತ ಒದ್ದ. ಆಮೇಲೆ ಅರೆಕ್ಷಣ ಏನೂ ಇಲ್ಲ. ಆ ಅರೆಕ್ಷಣದಲ್ಲಿ ನನ್ನ ಉಸಿರು ನಿಂತಿರುತ್ತದೆ. ಪಟ್ಟಿ ಮಿನುಗಿದರೆ ಗೋಲು. ಇಲ್ಲವಾದರೆ ಚೆಂಡು ಹೊರಗೆ, ಅಥವಾ ಗೋಲಿಯ ಕೈಯಲ್ಲಿ. ತೊಂಬತ್ತು ನಿಮಿಷದ ಪಂದ್ಯ ಇಂಥ ಕೆಲವು ಡಜನ್ ವಾಕ್ಯಗಳಲ್ಲಿ ಮುಗಿಯುತ್ತದೆ.

ನಮ್ಮಲ್ಲಿ ಯಕ್ಷಗಾನ ಬಲ್ಲವರಿಗೆ ಇದು ಹೊಸತಲ್ಲ. ಬಯಲಾಟದಲ್ಲಿ ವೇಷ, ಕುಣಿತ, ಕಿರೀಟ ಎಲ್ಲ ಇರುತ್ತವೆ. ತಾಳಮದ್ದಳೆಯಲ್ಲಿ ಅವೇನೂ ಇಲ್ಲ. ಪಂಚೆಯುಟ್ಟ ನಾಲ್ಕು ಜನ ಕೂತಲ್ಲೇ ಕೂತು ಅರ್ಥ ಹೇಳುತ್ತಾರೆ. ಆದರೆ ಕರ್ಣನ ರಥ ಹೂತುಹೋಗುವುದು ಕೇಳುವವನ ಕಣ್ಣಿಗೆ ಕಾಣುತ್ತದೆ. ತಾಳಮದ್ದಳೆಯನ್ನು ಮೆಚ್ಚುವವರು ಅದನ್ನು ವೇಷವಿಲ್ಲದ ಬಡ ಯಕ್ಷಗಾನ ಎಂದುಕೊಳ್ಳುವುದಿಲ್ಲ. ಅದು ಬೇರೆಯೇ ಕಲೆ ಎಂದು ಅವರಿಗೆ ಗೊತ್ತು. ನಮ್ಮ ಅಬ್ಬಾ ರೇಡಿಯೋಗೆ ಕಿವಿಯಾನಿಸಿ ಹಾಕಿ ಪಂದ್ಯದ ವೀಕ್ಷಕ ವಿವರಣೆ ಕೇಳುತ್ತಿದ್ದರು. ಆ ಪಂದ್ಯಗಳನ್ನು ಅವರು 'ನೋಡಿದೆ' ಎಂದೇ ಹೇಳುತ್ತಿದ್ದರು, 'ಕೇಳಿದೆ' ಎಂದು ಅಲ್ಲ. ಹಳೆಯ ಆವೃತ್ತಿಯ ಮುಂದೆ ಕೂತಾಗ ನನಗೂ ಹಾಗೆಯೇ ಆಗುತ್ತದೆ.

2003ರಲ್ಲಿ ಬಂದ ಚಾಂಪಿಯನ್‌ಶಿಪ್ ಮ್ಯಾನೇಜರ್ 4ರಲ್ಲಿ ಮೈದಾನವನ್ನು ಮೇಲಿನಿಂದ ತೋರಿಸಿದರು. ಆಟಗಾರರು ಬಣ್ಣದ ಬಿಲ್ಲೆಗಳಾಗಿ ಜಾರಾಡಿದರು. 2009ರ ಹೆಸರಿನ ಆವೃತ್ತಿಯಲ್ಲಿ ಬಿಲ್ಲೆಗಳಿಗೆ ಕೈಕಾಲು ಮೂಡಿದವು. ಇದನ್ನು ಎಲ್ಲರೂ ಪ್ರಗತಿ ಎಂದು ಕರೆದರು. ಪ್ರಗತಿಯೇ, ಸಂದೇಹವಿಲ್ಲ. ಆದರೆ ತೋರಿಸಲು ಹೊರಟವನು ಚೆನ್ನಾಗಿ ತೋರಿಸಬೇಕಾಗುತ್ತದೆ. ಪರದೆಯ ಮೇಲಿನ ಆಟಗಾರ ವಿಚಿತ್ರವಾಗಿ ತಿರುಗಿದಾಗ, ಗೋಲಿ ಸುಮ್ಮನೆ ನಿಂತು ಚೆಂಡನ್ನು ಬಿಟ್ಟುಬಿಟ್ಟಾಗ, ನಾನು ಆ ಲೋಕದಿಂದ ಹೊರಗೆ ಬೀಳುತ್ತೇನೆ. ವಾಕ್ಯಕ್ಕೆ ಈ ಕಷ್ಟವಿಲ್ಲ. 'ಅದ್ಭುತ ಗೋಲು' ಎಂದು ಬರೆದರೆ ಅದು ಎಷ್ಟು ಅದ್ಭುತ ಎನ್ನುವುದನ್ನು ಓದುವವನೇ ತುಂಬಿಕೊಳ್ಳುತ್ತಾನೆ. ಕಥೆ ಬರೆಯುವ ನನಗೆ ಈ ಸತ್ಯ ಚೆನ್ನಾಗಿ ಗೊತ್ತಿರಬೇಕಿತ್ತು. ಗೊತ್ತಾಗಿದ್ದು ಆಟವೊಂದರಿಂದ ಎನ್ನಲು ನಾಚಿಕೆಯೇನೂ ಇಲ್ಲ.

ಇದೆಲ್ಲ ಯೌವನದ ಹಂಬಲವಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ನಾನು ಈ ಆಟವನ್ನು ಮೊದಲು ಆಡಿದ್ದು ಇಪ್ಪತ್ತರ ಆಸುಪಾಸಿನಲ್ಲಿ. ಕೆಲಸವಿರಲಿಲ್ಲ, ಸಮಯವಿತ್ತು. ಗೆಳೆಯನೊಬ್ಬನ ಕಂಪ್ಯೂಟರಿನಲ್ಲಿ ಅವನದೊಂದು ಕ್ಲಬ್ಬು, ನನ್ನದೊಂದು ಕ್ಲಬ್ಬು. ಒಬ್ಬ ತಂಡ ಆರಿಸುವಾಗ ಇನ್ನೊಬ್ಬ ಮುಖ ತಿರುಗಿಸಿ ಕೂರಬೇಕು ಎಂಬ ಒಪ್ಪಂದ. ಆ ಗೆಳೆಯ ಈಗ ಕೊಲ್ಲಿಯಲ್ಲಿದ್ದಾನೆ. ಹಳೆಯದನ್ನು ಇಷ್ಟಪಡುವಾಗ ಆ ದಿನಗಳನ್ನೂ ಸೇರಿಸಿ ಇಷ್ಟಪಡುತ್ತಿದ್ದೇನೆ ಎನ್ನುವುದನ್ನು ಒಪ್ಪುತ್ತೇನೆ.

ಆದರೆ ಅಷ್ಟರಿಂದಲೇ ವಿಷಯ ಮುಗಿಯುವುದಿಲ್ಲ. ಈಡೋಸ್ ಕಂಪನಿ 2008ರಲ್ಲಿ ಈ ಆವೃತ್ತಿಯನ್ನು ಉಚಿತವಾಗಿ ಬಿಟ್ಟುಕೊಟ್ಟಿತು. ಅಭಿಮಾನಿಗಳು ಅದರ ಒಡಲನ್ನು ಹಾಗೆಯೇ ಇಟ್ಟುಕೊಂಡು ಒಳಗಿನ ಹೆಸರುಗಳನ್ನು ಬದಲಿಸುತ್ತಾ ಬಂದಿದ್ದಾರೆ. ಜಿದಾನ್, ಫಿಗೊ ಇದ್ದ ಜಾಗದಲ್ಲಿ ಇಂದಿನ ಹುಡುಗರನ್ನು ತಂದು ಕೂರಿಸುತ್ತಾರೆ. ಅಂದರೆ ಇವರಿಗೆ ಬೇಕಾಗಿರುವುದು 2001ನೇ ಇಸವಿ ಅಲ್ಲ, ಆ ಆಟದ ರೂಪ. ಹಂಬಲವೊಂದೇ ಕಾರಣವಾಗಿದ್ದರೆ ಹಳೆಯ ಹೆಸರುಗಳನ್ನು ಯಾರೂ ಮುಟ್ಟುತ್ತಿರಲಿಲ್ಲ.

ಎರಡನೆಯ ಕಾರಣ ಸಮಯ. ಹಳೆಯದರಲ್ಲಿ ಒಂದು ಇಡೀ ಋತುವನ್ನು ರಜೆಯ ಒಂದೆರಡು ದಿನಗಳಲ್ಲಿ ಮುಗಿಸಬಹುದು. ಹೊಸದರಲ್ಲಿ ಪತ್ರಿಕಾಗೋಷ್ಠಿಗೆ ಉತ್ತರ ಕೊಡಬೇಕು, ಮುನಿಸಿಕೊಂಡ ಆಟಗಾರನನ್ನು ಸಮಾಧಾನಪಡಿಸಬೇಕು, ವಾರದ ತರಬೇತಿ ಗೊತ್ತುಮಾಡಬೇಕು, ಸಿಬ್ಬಂದಿಯ ವರದಿ ಓದಬೇಕು. ನಿಜವಾದ ಮ್ಯಾನೇಜರನ ಬದುಕು ಹೀಗೇ ಇರಬಹುದು. ಆದರೆ ಆಫೀಸಿನಿಂದ ಬಂದವನಿಗೆ ಇನ್ನೊಂದು ಆಫೀಸು ಯಾಕೆ? ಇದು ನನ್ನೊಬ್ಬನ ದೂರಲ್ಲ. ಕಂಪನಿಯೇ ತನ್ನ 2013ರ ಆವೃತ್ತಿಯಲ್ಲಿ ಸಮಯವಿಲ್ಲದವರಿಗಾಗಿ 'ಕ್ಲಾಸಿಕ್' ಎಂಬ ಸರಳ ರೂಪವೊಂದನ್ನು ಸೇರಿಸಬೇಕಾಯಿತು.

ಹೊಸದರ ಪರವಾಗಿಯೂ ನ್ಯಾಯವಾದ ಮಾತು ಹೇಳಬೇಕು. ಹಳೆಯದರಲ್ಲಿ ಗೆಲ್ಲುವ ಒಂದು ವ್ಯೂಹ ಸಿಕ್ಕಿತೆಂದರೆ ಅದನ್ನೇ ಹಿಡಿದು ವರ್ಷಗಟ್ಟಲೆ ಗೆಲ್ಲಬಹುದು. ಎದುರಾಳಿ ಪಾಠ ಕಲಿಯುವುದಿಲ್ಲ. ಹೊಸದರಲ್ಲಿ ಯೋಚನೆಗೆ ಹೆಚ್ಚು ಕೆಲಸವಿದೆ. ಹಳೆಯದರ ಲೋಕದಲ್ಲಿ ಹೆಣ್ಣುಮಕ್ಕಳ ಆಟವೇ ಇಲ್ಲ. 2025ರ ಆವೃತ್ತಿಯನ್ನು ಕಂಪನಿ ಪೂರ್ತಿ ಕೈಬಿಟ್ಟು, ಅದೇ ವರ್ಷದ ನವೆಂಬರಿನಲ್ಲಿ ಹೊಸ ಎಂಜಿನ್ನಿನ ಮೇಲೆ ತಂದ 26ನೇ ಆವೃತ್ತಿಯಲ್ಲಿ ಮಹಿಳಾ ಫುಟ್‌ಬಾಲ್ ಮೊದಲ ಬಾರಿಗೆ ಸೇರಿತು. ಅದರ ಪರದೆಯ ವಿನ್ಯಾಸದ ಬಗ್ಗೆ ಹಳೆಯ ಆಟಗಾರರು ಬಹಳ ಗೊಣಗಿದರು. ಆದರೂ ಈ ಒಂದು ಹೆಜ್ಜೆ ದೊಡ್ಡದು. ನನ್ನ ಅಕ್ಕನಿಗೆ ಮಗಳಿದ್ದಿದ್ದರೆ ಅವಳಿಗೆ ನನ್ನ ಹಳೆಯ ಆಟವನ್ನು ಯಾವ ಮುಖದಿಂದ ತೋರಿಸುತ್ತಿದ್ದೆ?

ಇನ್ನು ಈ ಬರಹ ಬರೆಯಲು ನಿಜವಾದ ಕಾರಣಕ್ಕೆ ಬರುತ್ತೇನೆ.

ಈ ಆಟದೊಳಗೆ ಪ್ರತಿಯೊಬ್ಬ ಆಟಗಾರನಿಗೂ ವೇಗ, ಗುರಿ, ಧೈರ್ಯ ಹೀಗೆ ಒಂದೊಂದು ಗುಣಕ್ಕೂ 1ರಿಂದ 20ರವರೆಗೆ ಅಂಕವಿದೆ. ಇದಲ್ಲದೆ ಅವನು ಮುಂದೆ ಎಷ್ಟು ದೊಡ್ಡವನಾಗಬಲ್ಲ ಎನ್ನುವುದಕ್ಕೆ ನಮಗೆ ಕಾಣದ ಇನ್ನೊಂದು ಅಂಕ, 200ಕ್ಕೆ ಇಷ್ಟು ಎಂದು. ದೇಶದೇಶಗಳ ಫುಟ್‌ಬಾಲ್ ಪ್ರೇಮಿಗಳು ತಮ್ಮೂರಿನ ಆಟಗಾರರನ್ನು ನೋಡಿ ಈ ಅಂಕಗಳನ್ನು ಕೊಟ್ಟವರು. ಪೋರ್ಚುಗಲ್ಲಿನ ಒಬ್ಬನಂತೂ ಟೊ ಮದೇರಾ ಎಂಬ, ಲೋಕದಲ್ಲೇ ಇಲ್ಲದ ಆಟಗಾರನನ್ನು ಸೃಷ್ಟಿಸಿ ಒಳಗೆ ಸೇರಿಸಿಬಿಟ್ಟಿದ್ದ. ಅವನನ್ನು ಕೊಂಡವರಿಗೆ ಗೋಲಿನ ಸುರಿಮಳೆ. ಆಮೇಲೆ ಕಂಪನಿ ಅವನನ್ನು ಅಳಿಸಿಹಾಕಿತು.

ಇಲ್ಲದವನನ್ನು ಅಳಿಸಬಹುದು. ಇದ್ದವರನ್ನು? 01/02 ಆಡಿದವರಿಗೆ ಮೂರು ಹೆಸರು ಮರೆಯುವುದಿಲ್ಲ. ಕಿನ್ಶಾಸಾದಲ್ಲಿ ಹುಟ್ಟಿ ಸ್ವೀಡನ್ನಿನಲ್ಲಿ ಬೆಳೆದು ಇಂಗ್ಲೆಂಡಿನ ಡರ್ಬಿ ಕೌಂಟಿ ಕ್ಲಬ್ಬಿಗೆ ಬಂದ ಟೊಂಟನ್ ಜೋಲಾ ಮುಕೊಕೊ. ಗ್ಯಾಂಬಿಯಾದಲ್ಲಿ ಹುಟ್ಟಿ ಲಂಡನ್ನಿನ ಮಿಲ್‌ವಾಲ್ ಕ್ಲಬ್ಬಿನಲ್ಲಿದ್ದ ಚೆರ್ನೊ ಸಾಂಬಾ. ಬೆಲಾರಸ್‌ನ ಡೈನಮೊ ಮಿನ್ಸ್ಕ್ ತಂಡದ ಮಕ್ಸಿಮ್ ಸಿಗಾಲ್ಕೊ. ಮೂವರೂ ಆಗ ಹದಿನಾರರಿಂದ ಹದಿನೆಂಟರ ಹುಡುಗರು. ಆಟದೊಳಗೆ ಮೂವರೂ ಜಗತ್ತನ್ನೇ ಗೆದ್ದರು. ಮೈದಾನದಲ್ಲಿ ಆದದ್ದು ಬೇರೆ. ಮುಕೊಕೊ ಡರ್ಬಿಯ ಮುಖ್ಯ ತಂಡಕ್ಕೆ ಒಮ್ಮೆಯೂ ಆಡಲಿಲ್ಲ. ಸಾಂಬಾ ಲಿವರ್‌ಪೂಲ್ ಸೇರುವ ಹೊಸ್ತಿಲಿನವರೆಗೆ ಹೋದ, ಒಪ್ಪಂದ ಆಗಲಿಲ್ಲ. ಆಮೇಲೆ ಸ್ಪೇನಿನಲ್ಲಿ ಆಡಿದ, ಗ್ಯಾಂಬಿಯಾದ ರಾಷ್ಟ್ರೀಯ ತಂಡಕ್ಕೂ ಆಡಿದ. ತನ್ನನ್ನು ಆವರಿಸಿದ್ದ ಖಿನ್ನತೆಯ ಬಗ್ಗೆ ಮುಂದೆ ಬಹಿರಂಗವಾಗಿ ಮಾತನಾಡಿದ. ಸಿಗಾಲ್ಕೊನ ಆಟ ಗಾಯದಿಂದಾಗಿ 26ನೇ ವಯಸ್ಸಿಗೇ ನಿಂತಿತು. 2020ರ ಡಿಸೆಂಬರಿನಲ್ಲಿ, 37ನೇ ವಯಸ್ಸಿನಲ್ಲಿ, ಅವನು ತೀರಿಕೊಂಡ.

ಆ ಸುದ್ದಿ ಓದಿದಾಗ ನನಗೆ ಬಳಗದವನೊಬ್ಬ ಹೋದಂತೆ ಆಯಿತು. ಇನ್ನಾ ಲಿಲ್ಲಾಹಿ ಎಂದು ಬಾಯಿಗೆ ಬಂತು. ಮರುಕ್ಷಣವೇ ಹೊಳೆಯಿತು: ಇವನ ಬಗ್ಗೆ ನನಗೆ ಏನು ಗೊತ್ತು? ನನ್ನ ತಂಡಕ್ಕೆ ಅವನು ಹೊಡೆದ ಗೋಲುಗಳ ಲೆಕ್ಕ ಗೊತ್ತು. ಅವನ ಮುಖವನ್ನು ನೋಡಿದ್ದು ಆ ದಿನ, ಸಾವಿನ ಸುದ್ದಿಯ ಜೊತೆಗಿದ್ದ ಫೋಟೋದಲ್ಲಿ. ಇಪ್ಪತ್ತು ವರ್ಷ ನಾನು ಪ್ರೀತಿಸಿದ್ದು ಅವನನ್ನಲ್ಲ. ನನ್ನದೇ ಕಲ್ಪನೆಗೆ ಅವನ ಹೆಸರಿಟ್ಟು ಪ್ರೀತಿಸಿದ್ದೆ. ವಾಕ್ಯಗಳ ನಡುವಿನ ಖಾಲಿ ಜಾಗವನ್ನು ಓದುಗ ತುಂಬಿಕೊಳ್ಳುತ್ತಾನೆ ಎಂದು ಮೇಲೆ ಹೊಗಳಿದೆನಲ್ಲ, ಆ ಖಾಲಿ ಜಾಗದಲ್ಲಿ ಒಬ್ಬ ನಿಜವಾದ ಹುಡುಗ ನಿಂತಿದ್ದ. ಅವನ ಗಾಯದ ನೋವು ನನ್ನ ಪರದೆಯವರೆಗೆ ಬರಲಿಲ್ಲ.

ಹಾಗಾದರೆ ಹೊಸ ಆವೃತ್ತಿಯಲ್ಲಿ ಮಾಹಿತಿ ಹೆಚ್ಚಿದೆ, ಮುಖವೂ ಇದೆ, ಅದರಲ್ಲಿ ಮನುಷ್ಯ ಹೆಚ್ಚು ಸಿಗುತ್ತಾನೆಯೇ? ನನಗೆ ಹಾಗೆ ಅನಿಸುವುದಿಲ್ಲ. 2008ರಲ್ಲಿ ಇಂಗ್ಲೆಂಡಿನ ಎವರ್ಟನ್ ಕ್ಲಬ್ ನಿಜವಾದ ಆಟಗಾರರನ್ನು ಹುಡುಕಲು ಇದೇ ಆಟದ ಮಾಹಿತಿಕೋಶವನ್ನು ಬಳಸುವ ಒಪ್ಪಂದ ಮಾಡಿಕೊಂಡಿತು. ಆಟದ ಅಂಕ ಆಟದ ಹೊರಗೂ ಓಡಾಡತೊಡಗಿತು. ಅಂಕಗಳು ಹೆಚ್ಚಿದಷ್ಟೂ 'ಇವನನ್ನು ನಾನು ಬಲ್ಲೆ' ಎಂಬ ಭ್ರಮೆಯೂ ಹೆಚ್ಚುತ್ತದೆ. ಒಬ್ಬ ಮನುಷ್ಯನನ್ನು ಹೆಸರು, ಊರು, ಒಂದಿಷ್ಟು ಅಂಕಿಗಳಿಂದ ಅಳೆದು 'ಇವರು ಇಂಥವರು' ಎಂದು ತೀರ್ಮಾನಿಸುವುದು ಫುಟ್‌ಬಾಲಿನಲ್ಲಿ ಮಾತ್ರ ನಡೆಯುವ ಕೆಲಸವಲ್ಲ ಎನ್ನುವುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಳೆಯ ಆವೃತ್ತಿ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ ಎಂದು ನನ್ನ ಅನಿಸಿಕೆ. ಅದು ತನಗೆ ಕಾಣುವುದು ಕಡಿಮೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ಇದು ಕೆಲವರು ಮಾಡಿದ ಊಹೆ, ಉಳಿದದ್ದು ನಿನ್ನ ಕಲ್ಪನೆ ಎನ್ನುವುದು ಅದರ ಒಂದೊಂದು ಪರದೆಯಲ್ಲೂ ಕಾಣುತ್ತದೆ. ಅದರ ಊಹೆ ಸುಳ್ಳಾದದ್ದನ್ನು ನಾವು ನೆನಪಿಟ್ಟುಕೊಂಡಿದ್ದೇವೆ, ಆ ಮೂವರ ಹೆಸರಿನಲ್ಲಿ. ಒಳ್ಳೆಯ ಕಥೆಯೂ ಹಾಗೆಯೇ ಅಲ್ಲವೇ? ಇದು ಕಥೆ ಎಂದು ಹೇಳಿಯೇ ಅದು ಶುರುವಾಗುತ್ತದೆ. ಆದ್ದರಿಂದ ಅದು ಮುಗಿದ ಮೇಲೆ ನಿಜವಾದ ಮನುಷ್ಯನನ್ನು ಹುಡುಕಿಕೊಂಡು ಹೋಗಬೇಕೆನಿಸುತ್ತದೆ.

ಅಳಿಯನಿಗೆ ಮೊನ್ನೆ ಫೋನಿನಲ್ಲಿ ಸಿಗಾಲ್ಕೊನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಮು, ನಿಮ್ಮ ಆಟದಲ್ಲಿ ಅವನು ಈಗಲೂ ಇದ್ದಾನಾ?" ಎಂದು ಕೇಳಿದ. ಇದ್ದಾನೆ. ಪ್ರತಿ ಸಲ ಹೊಸದಾಗಿ ಶುರುಮಾಡಿದಾಗಲೂ ಅಲ್ಲಿ 2001ರ ಜುಲೈ, ಅವನಿಗೆ ಹದಿನೆಂಟು ವರ್ಷ, ಬೆಲೆ ಬಹಳ ಕಡಿಮೆ. ಈಗ ಅವನನ್ನು ಕೊಳ್ಳುವ ಮೊದಲು ಸ್ವಲ್ಪ ಹೊತ್ತು ಆ ಹೆಸರನ್ನು ನೋಡುತ್ತಾ ಕೂರುತ್ತೇನೆ. ಮುಂದಿನ ರಜೆಗೆ ಬಂದಾಗ ತನಗೂ ಒಂದು ಕ್ಲಬ್ ಕೊಡಬೇಕೆಂದು ಅಳಿಯ ಹೇಳಿದ್ದಾನೆ. ಅವನು ತಂಡ ಆರಿಸುವಾಗ ನಾನು ಮುಖ ತಿರುಗಿಸಿ ಕೂರಬೇಕು, ಅಷ್ಟೆ.