ಅಡಿಕೆ ಮರದ ಬುಡದಲ್ಲಿ ಐರೋಪ್ಯ ಕಾನೂನು

ಕಾರ್ಮಿಕರ ಸುರಕ್ಷತೆಯ ಬಗ್ಗೆ ನಮ್ಮಲ್ಲಿ ಯಾರೇ ಭಾಷಣಕ್ಕೆ ನಿಂತರೂ ಸ್ವಲ್ಪ ಹೊತ್ತಿಗೆ ಯುರೋಪು ಬಂದೇ ಬರುತ್ತದೆ. ಯುರೋಪು ಬಂತೆಂದರೆ ಅದರ ಬೆನ್ನಿಗೇ 89/391 ಎಂಬ ಅಂಕಿಯೂ ಬರುತ್ತದೆ. 1989ರ ಜೂನ್ 12ರಂದು ಅಂದಿನ ಐರೋಪ್ಯ ಸಮುದಾಯ ಹೊರಡಿಸಿದ ಚೌಕಟ್ಟು ನಿರ್ದೇಶನದ ಸಂಖ್ಯೆ ಅದು. ದುಡಿಯುವ ಜಾಗದಲ್ಲಿ ಆಳಿನ ಆರೋಗ್ಯ ಮತ್ತು ಜೀವದ ಹೊಣೆ ಮಾಲೀಕನದು ಎಂದು ಹತ್ತಾರು ದೇಶಗಳು ಒಟ್ಟಾಗಿ ಒಪ್ಪಿಕೊಂಡ ಹತ್ತೊಂಬತ್ತು ವಿಧಿಗಳ ಪುಟ್ಟ ಕಾನೂನು. ಅದನ್ನು ಹೊಗಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಪೂರ್ತಿ ಓದಿದವರು ಅಷ್ಟಿಲ್ಲ. ಓದಿದವರೂ ಹೊಗಳಬೇಕಾದದ್ದನ್ನು ಬಿಟ್ಟು ಬೇರೆಯದನ್ನೇ ಹೊಗಳುತ್ತಿದ್ದಾರೆ ಎಂಬುದು ಈ ಲೇಖನದ ತಕರಾರು.

ಹಿನ್ನೆಲೆ ಗೊತ್ತಿರುವುದೇ. ಬೆಲ್ಜಿಯಂನ ಮಾರ್ಸಿನೆಲ್ ಕಲ್ಲಿದ್ದಲು ಗಣಿಯಲ್ಲಿ 1956ರ ಆಗಸ್ಟ್ 8ರಂದು ಬೆಂಕಿ ಬಿದ್ದು 262 ಮಂದಿ ಸತ್ತರು. ಅವರಲ್ಲಿ 136 ಮಂದಿ ಇಟಲಿಯಿಂದ ಕೂಲಿಗೆ ಬಂದವರು. ಒಂದು ದೇಶದ ಗಣಿಯಲ್ಲಿ ಇನ್ನೊಂದು ದೇಶದವರು ಸಾಯುವಾಗ ಸುರಕ್ಷತೆಯನ್ನು ಆಯಾ ದೇಶದ ಮನೆವಾರ್ತೆ ಎಂದು ಬಿಡಲಾಗದು ಎಂಬ ತಿಳಿವಳಿಕೆ ಗಣಿಗಳಿಂದ ಶುರುವಾಗಿ 1989ಕ್ಕೆ ಎಲ್ಲ ಕಸುಬುಗಳಿಗೂ ಹಬ್ಬಿತು. 1994ರಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು, ಸ್ಪೇನಿನ ಬಿಲ್ಬಾವೊದಲ್ಲಿ ಅದರ ಕಚೇರಿ. ಇಷ್ಟು ಚರಿತ್ರೆ ಸಾಕು.

ಈ ಕಾನೂನನ್ನು ಪರೀಕ್ಷೆಗೆ ಒಡ್ಡಲು ಬ್ರಸೆಲ್ಸಿನ ಕಾರ್ಖಾನೆಯೇ ಆಗಬೇಕೆಂದಿಲ್ಲ, ಕುಂಸಿಯ ಅಡಿಕೆ ತೋಟವೂ ಆದೀತು. ಶಿವಮೊಗ್ಗದಿಂದ ಸಾಗರದ ಕಡೆಗೆ ಹೊರಟು ಆಯನೂರು ದಾಟಿದರೆ ಸಿಗುವ ಕುಂಸಿ ಒಂದು ಕಾಲಕ್ಕೆ ಮ್ಯಾಂಗನೀಸ್ ಗಣಿಗೆ ಹೆಸರಾಗಿತ್ತು. ಗಣಿಯಲ್ಲಿ ದುಡಿದವನಿಗೆ ಗಣಿ ಕಾಯಿದೆಯಿತ್ತು. ಮ್ಯಾಂಗನೀಸ್ ವಿಷವೇರಿ ನರ ದುರ್ಬಲವಾಗುವುದು ಅಧಿಸೂಚಿತ ಕಾಯಿಲೆಗಳ ಪಟ್ಟಿಯಲ್ಲಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಳಿಗೆ ಕಾರ್ಖಾನೆ ಕಾಯಿದೆಯಿತ್ತು. ಅದೇ ಸೀಮೆಯ ಐವತ್ತು ಅಡಿ ಮರದ ತುದಿಯಲ್ಲಿ ಕಾಲಿಗೆ ತಳೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಕತ್ತಿ ಹಿಡಿದು, ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುವ ಕೊನೆಗಾರನಿಗೆ ಏನಿತ್ತು? ತೋಟ ಕಾರ್ಖಾನೆಯಲ್ಲ, ಗಣಿಯಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ ಹೆಸರು ಹೇಳಿ ಸೇರಿಸಿಕೊಂಡದ್ದು ಚಹಾ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿಗಳನ್ನು. ಅಡಿಕೆಯ ಹೆಸರು ಅಲ್ಲಿಲ್ಲ.

ಈಗ ಐರೋಪ್ಯ ನಿರ್ದೇಶನದ ಎರಡನೇ ವಿಧಿ ನೋಡಿ. ಸರ್ಕಾರಿಯಿರಲಿ ಖಾಸಗಿಯಿರಲಿ, ಎಲ್ಲ ಬಗೆಯ ಚಟುವಟಿಕೆಗೂ ಇದು ಅನ್ವಯಿಸುತ್ತದೆ ಎಂದು ಹೇಳಿ, ಕೈಗಾರಿಕೆಯ ಪಕ್ಕದಲ್ಲೇ ಕೃಷಿಯನ್ನೂ ಹೆಸರಿಸುತ್ತದೆ. ಎಷ್ಟು ಆಳುಗಳಿರಬೇಕು ಎಂಬ ಲೆಕ್ಕ ಕೇಳುವುದಿಲ್ಲ. ಒಬ್ಬನೇ ಕೂಲಿಯಾಳಿದ್ದರೂ ಮಾಲೀಕ ಹೊಣೆಗಾರ. ನಮ್ಮ ವಿದ್ವಾಂಸರ ಹೊಗಳಿಕೆಯಲ್ಲಿ ಈ ವಿಧಿಗೆ ಜಾಗವೇ ಇಲ್ಲ. ಅವರೆಲ್ಲರ ಕಣ್ಣು ಆರು ಮತ್ತು ಒಂಬತ್ತನೇ ವಿಧಿಗಳ ಮೇಲೆ, ಅದರಲ್ಲೂ ‘ರಿಸ್ಕ್ ಅಸೆಸ್‌ಮೆಂಟ್’ ಮೇಲೆ. ಅಪಾಯವನ್ನು ಅಳೆದು, ಬರೆದು, ಕಡತದಲ್ಲಿಟ್ಟರೆ ಅರ್ಧ ಕೆಲಸ ಮುಗಿಯಿತು ಎಂಬ ನಂಬಿಕೆ ಯುರೋಪಿನಿಂದ ಇಲ್ಲಿಗೆ ಬಂದು ಸಲಹೆಗಾರ ಕಂಪನಿಗಳ ಪಾಲಿಗೆ ಒಳ್ಳೆಯ ಬೆಳೆಯಾಗಿದೆ.

ಆರನೇ ವಿಧಿಯನ್ನು ನಿಧಾನವಾಗಿ ಓದಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಅಲ್ಲಿ ಒಂಬತ್ತು ತತ್ವಗಳಿವೆ, ಅವಕ್ಕೊಂದು ಕ್ರಮವಿದೆ. ಮೊದಲನೆಯದು ಅಪಾಯವನ್ನೇ ತಪ್ಪಿಸುವುದು. ಅಳೆಯುವುದು ಎರಡನೆಯದು, ಅದೂ ತಪ್ಪಿಸಲಾಗದ ಅಪಾಯಗಳನ್ನು ಮಾತ್ರ. ಅಪಾಯವನ್ನು ಹುಟ್ಟಿದಲ್ಲೇ ಎದುರಿಸುವುದು ಮೂರನೆಯದು. ಮುಂದೆ ಕೆಲಸವನ್ನು ಆಳಿಗೆ ಹೊಂದಿಸುವುದು, ತಂತ್ರಜ್ಞಾನದ ಬೆಳವಣಿಗೆಗೆ ಹೊಂದಿಕೊಳ್ಳುವುದು, ಅಪಾಯದ ವಸ್ತುವಿನ ಬದಲಿಗೆ ಕಡಿಮೆ ಅಪಾಯದ್ದನ್ನು ಬಳಸುವುದು, ಇಡೀ ಕೆಲಸಕ್ಕೆ ಒಂದು ಸಮಗ್ರ ನೀತಿ ಮಾಡಿಕೊಳ್ಳುವುದು ಬರುತ್ತವೆ. ಎಂಟನೆಯದು ಎಲ್ಲರನ್ನೂ ಒಟ್ಟಿಗೆ ಕಾಯುವ ವ್ಯವಸ್ಥೆಗೆ, ಒಬ್ಬೊಬ್ಬನ ಮೈಗೆ ತೊಡಿಸುವ ರಕ್ಷಣೆಗಿಂತ ಆದ್ಯತೆ ಕೊಡುವುದು. ಕೊನೆಗೆ ಸರಿಯಾದ ಸೂಚನೆ ಕೊಡುವುದು. ಬರೆದವರು ‘ತಪ್ಪಿಸು’ ಎಂದು ಶುರು ಮಾಡಿದ್ದನ್ನು ಅನುಯಾಯಿಗಳು ‘ಅಳೆ’ ಎಂಬಲ್ಲಿಂದ ಓದಲು ಶುರು ಮಾಡಿದರು. ಸಣ್ಣ ಉದ್ದಿಮೆಗಳಿಗಾಗಿ ಬಿಲ್ಬಾವೊ ಸಂಸ್ಥೆ ಪುಕ್ಕಟೆಯಾಗಿ ಕೊಡುವ ‘ಓಯ್ರಾ’ ಎಂಬ ಆನ್‌ಲೈನ್ ಸಾಧನದ ಹೆಸರಲ್ಲೇ ಅಳೆಯುವ ಮಾತಿದೆ, ತಪ್ಪಿಸುವ ಮಾತಿಲ್ಲ.

ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದು ಅಡಿಕೆ ತೋಟದಲ್ಲಿ ಚೆನ್ನಾಗಿ ಕಾಣುತ್ತದೆ. ಮೊದಲು ಅಳೆಯಲು ಕೂತವನು ಮರದ ಎತ್ತರ, ಮಳೆಗಾಲದ ಪಾಚಿ, ಹಳೆಯ ಹಗ್ಗ, ಆಳಿನ ವಯಸ್ಸು ಎಲ್ಲವನ್ನೂ ಪಟ್ಟಿ ಮಾಡಿ ಕೊನೆಗೆ ‘ಸುರಕ್ಷತಾ ಬೆಲ್ಟ್ ಕೊಡಿ’ ಎಂದು ಬರೆದು ಸಹಿ ಹಾಕುತ್ತಾನೆ. ಬೆಲ್ಟ್ ಒಬ್ಬನ ಸೊಂಟಕ್ಕೆ ಕಟ್ಟುವ ರಕ್ಷಣೆ, ಎಂಟನೇ ತತ್ವದ ಪ್ರಕಾರ ಹಿಂದಿನ ಸಾಲಿನದು. ಮರದಿಂದ ಮರಕ್ಕೆ ದಾಟುವವನು ಪ್ರತಿ ಸಲವೂ ಬಿಚ್ಚಿ ಕಟ್ಟಬೇಕು. ದಿನಕ್ಕೆ ಎಷ್ಟು ಮರ ಎಂಬುದರ ಮೇಲೆ ಕೂಲಿ ನಿಂತಿರುವಾಗ ಅದು ಬೇಗನೆ ತೋಟದ ಮನೆಯ ಗೂಟ ಸೇರುತ್ತದೆ.

ಮೊದಲನೇ ತತ್ವದಿಂದ ಶುರು ಮಾಡಿದವನು ಕೇಳುವ ಪ್ರಶ್ನೆ ಬೇರೆ: ಮನುಷ್ಯ ಮರ ಹತ್ತಲೇಬೇಕೆ? ಬೇಕಿಲ್ಲ ಎಂದು ತೋರಿಸಿಕೊಟ್ಟದ್ದು ಕಾರ್ಬನ್ ಫೈಬರ್ ದೋಟಿ. ಒಂದರೊಳಗೊಂದು ಸೇರುವ ಹಗುರ ಕೊಳವೆಗಳನ್ನು ಮೇಲಕ್ಕೆ ಚಾಚಿ ನೆಲದಲ್ಲೇ ನಿಂತು ಗೊನೆ ಇಳಿಸಬಹುದು, ಪೈಪು ಕಟ್ಟಿ ಔಷಧಿಯನ್ನೂ ಹೊಡೆಯಬಹುದು. ಅದಕ್ಕೂ ಮೊದಲು ಸುದ್ದಿಯಾದದ್ದು ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಮಾಡಿದ ಮರ ಹತ್ತುವ ಯಂತ್ರ. 2019ರಲ್ಲಿ ಅದರ ವಿಡಿಯೋ ಊರೂರಿಗೆ ಹೋಯಿತು. ಸೀಟಿನಲ್ಲಿ ಕೂತು ಪೆಟ್ರೋಲ್ ಎಂಜಿನ್ನಿನ ಬಲದಿಂದ ತುದಿ ಮುಟ್ಟುವ ಆ ಜಾಣ್ಮೆಗೆ ತಲೆಬಾಗಲೇಬೇಕು. ಆದರೂ ಆರನೇ ವಿಧಿಯ ಕಣ್ಣಿನಲ್ಲಿ ಯಂತ್ರಕ್ಕಿಂತ ದೋಟಿಯೇ ಮೇಲು. ಯಂತ್ರ ಹತ್ತುವುದನ್ನು ಸುಲಭ ಮಾಡುತ್ತದೆ, ದೋಟಿ ಹತ್ತುವುದನ್ನೇ ಇಲ್ಲವಾಗಿಸುತ್ತದೆ. ನಮ್ಮ ಪತ್ರಿಕೆಗಳು ಎರಡನ್ನೂ ‘ಕೂಲಿ ಸಮಸ್ಯೆಗೆ ಪರಿಹಾರ’ ಎಂಬ ಒಂದೇ ತಲೆಬರಹದಡಿ ಹಾಕಿದವು. ಸುರಕ್ಷತೆಯ ದೃಷ್ಟಿಯಿಂದ ಅವೆರಡೂ ಒಂದೇ ಜಾತಿಯಲ್ಲ ಎಂದು ಹೇಳಲು ಬೇಕಾದ ಭಾಷೆ ಆ ಐರೋಪ್ಯ ನಿರ್ದೇಶನದಲ್ಲಿದೆ. ಅದರ ನಿಜವಾದ ಉಪಯೋಗ ಅದು.

ಅಳೆಯುವ ಕೆಲಸಕ್ಕೆ ಸರಿಯಾದ ಹೊತ್ತು ಇನ್ನು ಮುಂದೆ. ದೋಟಿ ಬಂದ ಮೇಲೆ ಉಳಿದ ಅಪಾಯವೇನು? ದಿನವಿಡೀ ಕತ್ತು ಮೇಲೆತ್ತಿ ನಿಲ್ಲುವವನ ಹೆಗಲು ಮತ್ತು ಕುತ್ತಿಗೆ ಒಂದು. ಕಾರ್ಬನ್ ಫೈಬರ್ ಮೂಲಕ ವಿದ್ಯುತ್ ಹರಿಯುತ್ತದೆ, ತೋಟದ ಮೇಲೆ ತಂತಿ ಹಾದುಹೋಗಿದ್ದರೆ ಅದು ಜೀವಕ್ಕೇ ಎರವು. ಗೊನೆ ಹಣ್ಣಾಗಿದೆಯೇ ಬಲಿತಿದೆಯೇ ಎಂದು ಹತ್ತಿರದಿಂದ ನೋಡಿ ಹೇಳುತ್ತಿದ್ದ ಕೊನೆಗಾರನ ಕಣ್ಣಿಗೆ ನೆಲದಿಂದ ಅಷ್ಟು ಕಾಣುವುದಿಲ್ಲ, ತೀರಾ ಎತ್ತರದ ಹಳೆಯ ಮರಗಳಿಗೆ ಅವನು ಮತ್ತೆ ಹತ್ತಲೇಬೇಕು. ಅಳೆಯಬೇಕಾದದ್ದು ಇವನ್ನು.

ಎರಡನೇ ಪರೀಕ್ಷೆ ಬೋರ್ಡೋ ದ್ರಾವಣದ್ದು. ಹೆಸರೇ ಫ್ರಾನ್ಸಿನ ದ್ರಾಕ್ಷಿ ಸೀಮೆಯದು. ಕೊಳೆರೋಗಕ್ಕೆ ಇದನ್ನು ಮಲೆನಾಡಿನ ಅಡಿಕೆಗೆ ಒಗ್ಗಿಸಿದ್ದು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಈ ಲೆಕ್ಕ ಮಲೆನಾಡಿನ ಮಕ್ಕಳಿಗೂ ಬಾಯಿಪಾಠ. ಆ ನೂರು ಲೀಟರಿನಲ್ಲಿ ಸುಮಾರು ಕಾಲು ಕಿಲೋ ತಾಮ್ರವಿರುತ್ತದೆ. ಮಳೆ ಬಿಡುವು ಕೊಟ್ಟ ದಿನ ಔಷಧಿ ಹೊಡೆದು ಇಳಿಯುವವನ ಹುಬ್ಬು, ಮೀಸೆ, ಅಂಗಿಯ ತೋಳು ಎಲ್ಲ ನೀಲಿ. ಇದೇ ದ್ರಾವಣವನ್ನು ದ್ರಾಕ್ಷಿಗೆ ಹೊಡೆಯುತ್ತಿದ್ದ ಪೋರ್ಚುಗಲ್ಲಿನ ಕೂಲಿಗಳ ಶ್ವಾಸಕೋಶದಲ್ಲಿ ತಾಮ್ರ ತುಂಬಿದ ಗಂಟುಗಳಿರುವುದನ್ನು ಪಿಮೆಂಟೆಲ್ ಮತ್ತು ಮಾರ್ಕೆಸ್ ಎಂಬ ವೈದ್ಯರು 1969ರಲ್ಲೇ ಪ್ರಕಟಿಸಿ, ಅದನ್ನು ದ್ರಾಕ್ಷಿತೋಟದ ಔಷಧಿ ಹೊಡೆಯುವವರ ಕಾಯಿಲೆ ಎಂದು ಹೆಸರಿಸಿದರು. ದ್ರಾವಣ ಹಡಗು ಹತ್ತಿ ಬಂತು, ಅದರ ಜೊತೆಗಿದ್ದ ಈ ತಿಳಿವಳಿಕೆ ತೋಟದವರೆಗೆ ಬರಲಿಲ್ಲ.

ಯುರೋಪಿನ ಕೀರ್ತಿಗೂ ಇಲ್ಲಿ ಸ್ವಲ್ಪ ಪೆಟ್ಟು ಬೀಳುತ್ತದೆ. 2019ರಿಂದ ಅಲ್ಲಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋಗಿಂತ ಹೆಚ್ಚು ತಾಮ್ರ ಬಳಸುವಂತಿಲ್ಲ. ಕಟ್ಟುನಿಟ್ಟಿನ ಮಿತಿಯೇ ಸರಿ. ಆದರೆ ಏಳು ವರ್ಷಕ್ಕೆ ಹೆಕ್ಟೇರ್ ಲೆಕ್ಕದಲ್ಲಿ ಹಾಕಿದ ಮಿತಿ ಕಾಯುವುದು ತಾಮ್ರ ಕೂಡಿಕೊಳ್ಳುವ ಮಣ್ಣನ್ನು. ಒಂದೇ ದಿನದಲ್ಲಿ ಒಬ್ಬನ ಎದೆಗೆ ಎಷ್ಟು ಹೋಯಿತು ಎಂಬುದು ಆ ಲೆಕ್ಕಕ್ಕೆ ಸಿಗುವುದಿಲ್ಲ.

ಹೊಗಳುವವರ ಇನ್ನೊಂದು ಅಸ್ತ್ರ ಅಂಕಿಅಂಶ. 1994ರಿಂದ 2018ರ ಹೊತ್ತಿಗೆ ಯುರೋಪಿನ ಕೆಲಸದ ಜಾಗಗಳಲ್ಲಿ ಸಾವು ಸುಮಾರು ಶೇ. 70ರಷ್ಟು ಇಳಿಯಿತು ಎಂದು ಸೆಮಿನಾರುಗಳ ಪರದೆಯ ಮೇಲೆ ದೊಡ್ಡಕ್ಷರದಲ್ಲಿ ತೋರಿಸುತ್ತಾರೆ. ಅಂಕಿ ಸರಿಯಾದದ್ದೇ, ಐರೋಪ್ಯ ಆಯೋಗದ 2021-27ರ ಕಾರ್ಯಚೌಕಟ್ಟಿನದು. ಆದರೆ ಕಾರ್ಖಾನೆಗಳು ಕಡಿಮೆಯಾದದ್ದು, ವೈದ್ಯಕೀಯ ಸೌಲಭ್ಯ ಸುಧಾರಿಸಿದ್ದು ಈ ಇಳಿಕೆಗೆ ಕಾರಣವಾಗಿವೆ ಎಂದು ಆಯೋಗ ಅಲ್ಲೇ ಒಪ್ಪಿಕೊಂಡಿದೆ. ಗಣಿ ಮುಚ್ಚಿದರೆ ಗಣಿಯಲ್ಲಿ ಸಾಯುವವರಿರುವುದಿಲ್ಲ. ಆ ಯಶಸ್ಸನ್ನೆಲ್ಲ ಕಾನೂನಿನ ಖಾತೆಗೆ ಜಮೆ ಮಾಡುವ ನಮ್ಮ ಪಂಡಿತರು ಆಯೋಗಕ್ಕಿಂತ ಹೆಚ್ಚು ಐರೋಪ್ಯರು. 2024ರ ಜೂನಿನಲ್ಲಿ ಇಟಲಿಯ ಲಾತೀನಾದ ಹೊಲದಲ್ಲಿ ಪಂಜಾಬಿನ ಕೂಲಿಯಾಳೊಬ್ಬನ ತೋಳು ಯಂತ್ರಕ್ಕೆ ಸಿಕ್ಕಿ ತುಂಡಾದಾಗ ಅವನನ್ನು ಆಸ್ಪತ್ರೆಗೆ ಒಯ್ಯದೆ ಮನೆಯ ಬಾಗಿಲಲ್ಲಿ ಬಿಟ್ಟುಹೋದರು, ಅವನು ಸತ್ತ. ಆ ಹೊಲಕ್ಕೂ ನಿರ್ದೇಶನ ಪೂರ್ತಿ ಅನ್ವಯಿಸುತ್ತಿತ್ತು. ದಾಖಲೆಯಿಲ್ಲದೆ ದುಡಿಯುವವನು ತಪಾಸಕನ ಹತ್ತಿರ ದೂರು ಒಯ್ಯುವುದಾದರೂ ಹೇಗೆ?

ಎದುರು ಪಕ್ಷದವರದು ಇನ್ನೂ ಹಳೆಯ ವಾದ. ನಮ್ಮದು ಎಕರೆ, ಎರಡೆಕರೆಯ ತೋಟ, ಇಂಥ ಕಾನೂನು ನಮಗೆ ಹೊಂದುವುದಿಲ್ಲ ಎನ್ನುತ್ತಾರೆ. ಇದನ್ನು ಅಪ್ಪಟ ದೇಶಿ ವಿವೇಕ ಎಂಬ ಹಾಗೆ ಹೇಳುತ್ತಾರೆ. ವಾಸ್ತವದಲ್ಲಿ ಇದು ಯುರೋಪಿನಲ್ಲೇ ಸವೆದ ಮಾತು. ಹತ್ತು ಅಥವಾ ಅದಕ್ಕಿಂತ ಕಡಿಮೆ ಆಳುಗಳಿದ್ದವರು ಅಪಾಯದ ದಾಖಲೆ ಇಡಬೇಕಿಲ್ಲ ಎಂದು ಜರ್ಮನಿ ವಿನಾಯಿತಿ ಕೊಟ್ಟಿತ್ತು. ಐರೋಪ್ಯ ನ್ಯಾಯಾಲಯ 2002ರ ಫೆಬ್ರವರಿ 7ರಂದು ಅದು ನಿರ್ದೇಶನಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಿತು. ದಾಖಲೆಯ ಗೀಳನ್ನು ಹಳಿಯುವವರಿಗೂ ಈ ತೀರ್ಪಿನ ಒಳಗಿನ ಮಾತು ರುಚಿಸಬೇಕು: ಆಳುಗಳು ಕಡಿಮೆಯಿದ್ದರೆ ಅವರ ಜೀವದ ಬೆಲೆ ಕಡಿಮೆಯಾಗುವುದಿಲ್ಲ.

ಅದೇ ಹತ್ತು ನಮ್ಮ ಕಾನೂನಿನಲ್ಲೂ ಇದೆ, ಬೇರೆ ವೇಷದಲ್ಲಿ. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ‘ಎಸ್ಟಾಬ್ಲಿಷ್‌ಮೆಂಟ್’ ಎಂದು ಗುರುತಿಸುವುದೇ ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಜಾಗವನ್ನು. ಪವರ್ ಬಳಸುವ ಕಾರ್ಖಾನೆಗಿದ್ದ ಹತ್ತರ ಮಿತಿ ಇಪ್ಪತ್ತಕ್ಕೇರಿತು, ಪವರ್ ಇಲ್ಲದ್ದಕ್ಕೆ ಇಪ್ಪತ್ತರಿಂದ ನಲವತ್ತು. ಪ್ಲಾಂಟೇಶನ್ನಿನ ಪಟ್ಟಿಯಲ್ಲಿ ಹಳೆಯ ಐದು ಬೆಳೆಗಳೇ ಉಳಿದವು. ಜರ್ಮನಿ ಹತ್ತರೊಳಗಿನವರಿಗೆ ಬಿಟ್ಟುಕೊಟ್ಟದ್ದು ಒಂದು ಕಾಗದವನ್ನು. ನಾವು ಕೈಬಿಟ್ಟದ್ದು ಇಡೀ ಕಾನೂನನ್ನು. ಕುಂಸಿಯ ತೋಟವೊಂದರ ಕೊನೆ ಕೊಯ್ಲಿಗೆ ಹತ್ತು ಮಂದಿ ಸೇರುವುದು ಅಪರೂಪ. ಹತ್ತುವವನೊಬ್ಬ, ಕೆಳಗೆ ಹಗ್ಗ ಹಿಡಿಯುವವನೊಬ್ಬ, ಹೊರುವವರಿಬ್ಬರು ಇದ್ದರೆ ಮುಗಿಯಿತು.

ನಿರ್ದೇಶನದಲ್ಲೂ ತೂತಿದೆ, ಮುಚ್ಚಿಡಬೇಕಿಲ್ಲ. ತನ್ನ ತೋಟದಲ್ಲಿ ತಾನೇ ದುಡಿಯುವ ರೈತನನ್ನು ಅದು ಮುಟ್ಟುವುದಿಲ್ಲ. ಸ್ವಂತ ದುಡಿಮೆಯವರ ಬಗ್ಗೆ 2003ರಲ್ಲಿ ಹೊರಟದ್ದು ಬರೀ ಶಿಫಾರಸು. ಆದರೆ ರೈತನ ಕೂಲಿಯಾಳಿನ ವಿಷಯದಲ್ಲಿ ಯುರೋಪು ಒಂದು ಹೆಜ್ಜೆ ಮುಂದೆ ಹೋಗಿದೆ. ಕೃಷಿ ಸಹಾಯಧನ ಪಡೆಯುವವನು ಈ ಸುರಕ್ಷತಾ ನಿಯಮಗಳನ್ನು ಮುರಿದರೆ ಸಹಾಯಧನ ಕಡಿತವಾಗುವ ವ್ಯವಸ್ಥೆ 2023ರಿಂದ ಐಚ್ಛಿಕವಾಗಿ ಶುರುವಾಗಿ 2025ರಿಂದ ಕಡ್ಡಾಯವಾಗಿದೆ. ತಪಾಸಕ ಪ್ರತಿ ಹೊಲಕ್ಕೂ ಹೋಗಲಾರ, ಸಹಾಯಧನದ ಅರ್ಜಿ ಪ್ರತಿ ಹೊಲದಿಂದಲೂ ಬರುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದಿದೆ. ತೋಟಗಾರಿಕೆ ಇಲಾಖೆಯ ಬಾಗಿಲಿಗೆ ರೈತರು ಎಡತಾಕುವ ನಮ್ಮ ನಾಡಿಗೆ ಇದಕ್ಕಿಂತ ಒಗ್ಗುವ ಉಪಾಯ ಆ ನಿರ್ದೇಶನದ ಸುತ್ತಮುತ್ತ ಬೇರೊಂದಿಲ್ಲ. ನಮ್ಮ ಐರೋಪ್ಯ ಭಕ್ತರ ಉಪನ್ಯಾಸಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ.

ಯುರೋಪಿನಿಂದ ಎರವಲು ತರುವುದಾದರೆ ತರಬೇಕಾದದ್ದು ನಮೂನೆ ಕಾಗದಗಳನ್ನಲ್ಲ. ಆಳುಗಳ ತಲೆ ಎಣಿಸದ ಎರಡನೇ ವಿಧಿ, ಅಳೆಯುವ ಮೊದಲು ತಪ್ಪಿಸು ಎನ್ನುವ ಆರನೇ ವಿಧಿಯ ಮೊದಲ ಸಾಲು, ಇವೆರಡು ಬಂದರೆ ಉಳಿದದ್ದು ಹಿಂದೆ ಬರುತ್ತದೆ. ಅದಕ್ಕೆ ಹೊಸ ಕಾಯಿದೆಯ ಅಗತ್ಯವೂ ಇಲ್ಲ. ಜೀವಕ್ಕೆ ಅಪಾಯವೆಂದು ಅಧಿಸೂಚಿಸಿದ ಕೆಲಸಕ್ಕೆ, ಒಬ್ಬನೇ ಆಳಿದ್ದರೂ, ಸಂಹಿತೆಯನ್ನು ಅನ್ವಯಿಸುವ ಅವಕಾಶ ಸಂಹಿತೆಯಲ್ಲೇ ಇದೆ. ಅಡಿಕೆ ಮರ ಹತ್ತುವುದನ್ನು, ಮರದ ಮೇಲಿಂದ ಬೋರ್ಡೋ ಹೊಡೆಯುವುದನ್ನು ಆ ಪಟ್ಟಿಗೆ ಸೇರಿಸಿ ಎಂದು ಕೇಳಬೇಕಾದವರು ಶಿವಮೊಗ್ಗ ಜಿಲ್ಲೆಯ ಜನಪ್ರತಿನಿಧಿಗಳು. ಬೆಲೆ ಕುಸಿದಾಗ, ಎಲೆಚುಕ್ಕಿ ರೋಗ ಬಂದಾಗ ದೆಹಲಿಯವರೆಗೂ ನಿಯೋಗ ಒಯ್ಯುವ ಅವರು ಮುಂದಿನ ಮನವಿ ಪತ್ರದಲ್ಲಿ ಕೊನೆಗಾರನಿಗೊಂದು ಸಾಲು ಬರೆದುಕೊಳ್ಳಲಿ.