ಹುಡುಕಿದವರಿಗೆ ಸಿಗುವ ಬರಹ

ಉಜಿರೆಯ ಎಸ್‌ಡಿಎಂ, ಮೂಡುಬಿದಿರೆಯ ಆಳ್ವಾಸ್ ಕಾಲೇಜುಗಳ ವಿದ್ಯಾರ್ಥಿಗಳು ಕನ್ನಡ ವಿಕಿಪೀಡಿಯಕ್ಕೆ ಬರೆಯುವುದನ್ನು ರೂಢಿಸಿಕೊಂಡವರು. 2016ರ ಆಗಸ್ಟ್‌ನಲ್ಲಿ ತುಳು ವಿಕಿಪೀಡಿಯವೂ ಸ್ವತಂತ್ರವಾಗಿ ತೆರೆದುಕೊಂಡಿತು. ಹುಡುಕಿದವರಿಗೆ ಸಿಗುವಂತೆ ಬರೆಯುವ ಈ ಕಸುಬು ನನಗೆ ಬಹಳ ಇಷ್ಟ.

ಬೆಳ್ತಂಗಡಿ ಬಳಿಯ ಗಡಾಯಿಕಲ್ಲು ಬೆಟ್ಟವನ್ನೇ ನೋಡಿ. ಟಿಪ್ಪು 1794ರಲ್ಲಿ ಅಲ್ಲಿ ಕೋಟೆ ಕಟ್ಟಿಸಿ, ಜಮಾಲಾಬಾದ್ ಎಂದು ಹೆಸರಿಟ್ಟ. ನರಸಿಂಹಗಡ ಎಂಬ ಹೆಸರೂ ಉಂಟು. ಚಾರಣಕ್ಕೆ ಹೊರಟವನು ಒಂದು ಹೆಸರಿನಿಂದ ಹುಡುಕಿದರೆ, ಇತಿಹಾಸದ ವಿದ್ಯಾರ್ಥಿ ಇನ್ನೊಂದರಿಂದ ಹುಡುಕುತ್ತಾನೆ. ಬಲ್ಲ ಬರಹಗಾರ ಮೂರನ್ನೂ ಮೊದಲ ಪ್ಯಾರಾದಲ್ಲೇ ಸಹಜವಾಗಿ ತರುತ್ತಾನೆ, ಇಸವಿಗೆ ಆಧಾರ ಕೊಡುತ್ತಾನೆ, ಹತ್ತಿರದ ವೇಣೂರಿನ 1604ರ ಗೊಮ್ಮಟನ ಪುಟಕ್ಕೆ ಕೊಂಡಿ ಹಾಕುತ್ತಾನೆ. ಅದೇ ಹೆಸರನ್ನು ಇಪ್ಪತ್ತು ಸಲ ತುರುಕುವ ಜಾಹೀರಾತು ಬರಹ ಓದುವವನಿಗೂ ಹಿಂಸೆ, ಗೂಗಲ್‌ಗೂ ಬೇಡ. ಯಾರು ಯಾರ ಪುಟಕ್ಕೆ ಕೊಂಡಿ ಕೊಟ್ಟಿದ್ದಾರೆ ಎಂಬುದರಿಂದ ಪುಟದ ತೂಕ ಅಳೆಯುವ ಲೆಕ್ಕವನ್ನು ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್, ಸರ್ಗೇ ಬ್ರಿನ್ 1998ರಲ್ಲೇ ಮುಂದಿಟ್ಟಿದ್ದರು. ನಂಬಿಕಸ್ಥ ಬರಹಕ್ಕೆ ಕೊಂಡಿಗಳು ತಾವಾಗಿ ಬರುತ್ತವೆ.

ಹಿಂದೆ ಹೀಗೆ ಹುಡುಕುವುದೇ ಕಷ್ಟವಿತ್ತು: ಕನ್ನಡದ ಎಷ್ಟೋ ಜಾಲತಾಣಗಳು ತಮ್ಮದೇ ಫಾಂಟ್‌ನಲ್ಲಿದ್ದವು. ಕಣ್ಣಿಗೆ ಕನ್ನಡ, ಹುಡುಕುಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರ! ಯುನಿಕೋಡ್ ಬಂದ ಮೇಲೆ ಆ ಗೋಡೆ ಬಿತ್ತು.

ಹೊಸದಾಗಿ ಬರೆಯುವವರಿಗೆ ನನ್ನದೊಂದೇ ಕೋರಿಕೆ: ಇಂಗ್ಲಿಷ್ ಪುಟವನ್ನು ಯಂತ್ರಾನುವಾದ ಮಾಡಿ ಅಂಟಿಸಬೇಡಿ. ಗಡಾಯಿಕಲ್ಲು ಹತ್ತಿ ಇಳಿದು ಬರೆಯಿರಿ. ಮಳೆಗಾಲ ಕಳೆದ ಮೇಲೆ ಹೋಗಿ; ಮಳೆಯಲ್ಲಿ ಮೆಟ್ಟಿಲು ಜಾರುತ್ತವೆ.